ಹಿಂದೂ ಧರ್ಮಮೌಲ್ಯಗಳು ಮತ್ತು ವಾಣಿಜ್ಯ

ಹಿಂದೂ ಧರ್ಮಮೌಲ್ಯಗಳು ಮತ್ತು ವಾಣಿಜ್ಯ ಎಂಬುದು ಗಳಿಕೆ, ದುಡಿಮೆ, ಸಾಲ, ಬಡ್ಡಿ, ದಾನಗಳ ಬಗ್ಗೆ ಹಿಂದೂ ಶಾಸ್ತ್ರಗ್ರಂಥಗಳೂ ಭಕ್ತಿಪಂಥಗಳೂ ವರ್ತಕ ಸಮುದಾಯಗಳೂ ರೂಪಿಸಿಕೊಂಡ ನಂಬಿಕೆ ಕಟ್ಟಳೆಗಳಿಗೂ ಭಾರತದ ವ್ಯಾಪಾರ ಹಾಗೂ ಆರ್ಥಿಕ ಬೆಳವಣಿಗೆಗೂ ಇರುವ ಸಂಬಂಧವನ್ನು ಕುರಿತ ಅಧ್ಯಯನ ವಿಷಯ. ಇಪ್ಪತ್ತನೆಯ ಶತಮಾನದಲ್ಲಿ ಈ ಸಂಬಂಧದ ಬಗ್ಗೆ ಎರಡು ವಿರುದ್ಧ ನಿಲುವುಗಳು ಬೆಳೆದವು. ವೈರಾಗ್ಯ, ಕರ್ಮಸಿದ್ಧಾಂತ, ಜಾತಿಕಟ್ಟುಗಳು ಬಂಡವಾಳದ ಬೆಳವಣಿಗೆಯನ್ನು ತಡೆದವು ಎಂಬುದು ಒಂದು. ಧರ್ಮವೇ ಇಲ್ಲಿನ ವ್ಯಾಪಾರಕ್ಕೆ ಬುನಾದಿ ಎಂಬುದು ಇನ್ನೊಂದು. ಶಾಸನ, ಕಾನೂನು ಮತ್ತು ವ್ಯಾಪಾರದ ಇತಿಹಾಸಗಳಲ್ಲಿ ದೊರೆಯುವ ಆಧಾರಗಳು ಎರಡನ್ನೂ ಪೂರ್ತಿಯಾಗಿ ಒಪ್ಪುವುದಿಲ್ಲ. ಮೌಲ್ಯವೊಂದು ಕಟ್ಟಳೆಯಾಗಿ, ಸಂಘವಾಗಿ, ದತ್ತಿಯಾಗಿ, ನ್ಯಾಯಾಲಯದಲ್ಲಿ ಎತ್ತಿಹಿಡಿಯಬಹುದಾದ ಹಕ್ಕಾಗಿ ನೆಲೆಗೊಂಡ ಕಡೆ ಅದು ವ್ಯಾಪಾರಕ್ಕೆ ಬಲ ಕೊಟ್ಟಿದೆ. ಬರಿಯ ಉಪದೇಶವಾಗಿ ಉಳಿದ ಕಡೆ ಅದರ ಆರ್ಥಿಕ ಪರಿಣಾಮವನ್ನು ಗುರುತಿಸುವುದು ಕಷ್ಟ.

ಪರಿಭಾಷೆ

ಧರ್ಮ, ಅರ್ಥ, ಕಾಮ, ಮೋಕ್ಷ ಎಂಬ ನಾಲ್ಕು ಪುರುಷಾರ್ಥಗಳಲ್ಲಿ ಅರ್ಥವೆಂದರೆ ಸಂಪತ್ತು, ಅದನ್ನು ಗಳಿಸಿ ಕಾಪಾಡಿಕೊಳ್ಳುವ ಸಾಧನಗಳು ಹಾಗೂ ರಾಜ್ಯಾಧಿಕಾರ. ಗೃಹಸ್ಥನಿಗೆ ಗಳಿಕೆ ವಿಹಿತವಾದ ಕರ್ತವ್ಯ. ಶಾಸ್ತ್ರಗಳು ದೋಷವೆಂದು ಹೇಳುವುದು ಲೋಭವನ್ನು, ಅಂದರೆ ಧರ್ಮದ ಹದ್ದು ಮೀರಿದ ಆಸೆಯನ್ನು. ವಾರ್ತಾ ಎಂಬುದು ಕೃಷಿ, ಪಶುಪಾಲನೆ, ವಾಣಿಜ್ಯಗಳನ್ನು ಒಟ್ಟಾಗಿ ಹೇಳುವ ಶಾಸ್ತ್ರ. ಕಾಯಕ, ದಾಸೋಹ ಎಂಬ ಪದಗಳನ್ನು ಇಲ್ಲಿ ಹನ್ನೆರಡನೆಯ ಶತಮಾನದ ಶರಣರ ಅರ್ಥದಲ್ಲೇ ಬಳಸಲಾಗಿದೆ: ಮೊದಲನೆಯದು ಶಿವಾರ್ಪಿತವಾದ ಪ್ರಾಮಾಣಿಕ ದುಡಿಮೆ, ಎರಡನೆಯದು ಆ ದುಡಿಮೆಯ ಫಲವನ್ನು ಜಂಗಮಕ್ಕೆ, ಸಮುದಾಯಕ್ಕೆ ಸಲ್ಲಿಸುವುದು. ಶರಣರಿಂದ ಬೆಳೆದ ಲಿಂಗಾಯತವು ಹಿಂದೂ ಧರ್ಮದ ಒಳಗಿನದೋ ಸ್ವತಂತ್ರ ಧರ್ಮವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 2018ರಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಧಾರ್ಮಿಕ ಅಲ್ಪಸಂಖ್ಯಾತ ಮಾನ್ಯತೆಗಾಗಿ ಕೇಂದ್ರಕ್ಕೆ ಶಿಫಾರಸು ಮಾಡಿತ್ತು. ಕನ್ನಡ ನಾಡಿನ ಆರ್ಥಿಕ ಚಿಂತನೆಯನ್ನು ಕಾಯಕತತ್ತ್ವವಿಲ್ಲದೆ ವಿವರಿಸಲಾಗದ್ದರಿಂದ ಈ ಲೇಖನದಲ್ಲಿ ಅದನ್ನು ಸೇರಿಸಲಾಗಿದೆ.

ಶಾಸ್ತ್ರಮೂಲ

ವಾಣಿಜ್ಯದ ಬಗ್ಗೆ ಅತ್ಯಂತ ವಿವರವಾದ ಪ್ರಾಚೀನ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿ ಹೊರತಂದವರು ಆರ್. ಶಾಮಶಾಸ್ತ್ರಿ. ಧರ್ಮಕ್ಕೂ ಕಾಮಕ್ಕೂ ಅರ್ಥವೇ ಮೂಲವಾದ್ದರಿಂದ ಅದೇ ಪ್ರಧಾನ ಎಂಬುದು ಕೌಟಿಲ್ಯನ ನಿಲುವು. ಧರ್ಮಶಾಸ್ತ್ರಕಾರರು ಈ ಕ್ರಮವನ್ನು ಒಪ್ಪದೆ ಧರ್ಮವನ್ನು ಮೇಲಿಟ್ಟರು. ಆದರೂ ಬಡ್ಡಿಯ ವಿಚಾರದಲ್ಲಿ ಎರಡೂ ಪರಂಪರೆಗಳು ಬಹಳ ದೂರವಿಲ್ಲ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ, ಅಂದರೆ ವರ್ಷಕ್ಕೆ ಶೇ. 15, ಧರ್ಮ್ಯವಾದ ಬಡ್ಡಿ ಎಂದು ಅರ್ಥಶಾಸ್ತ್ರ ಹೇಳುತ್ತದೆ. ವಸಿಷ್ಠನ ಮತವೆಂದು ಮನುಸ್ಮೃತಿ ಕೊಡುವ ದರವೂ ಅಷ್ಟೇ. ಅದರ ಜೊತೆಗೆ ಕೌಟಿಲ್ಯ ವ್ಯಾಪಾರದ ಸಾಲಕ್ಕೆ ತಿಂಗಳಿಗೆ ಐದು, ಕಾಡು ದಾಟಿ ಹೋಗುವವರಿಗೆ ಹತ್ತು, ಸಮುದ್ರಯಾನ ಮಾಡುವವರಿಗೆ ಇಪ್ಪತ್ತು ಪಣ ಎಂದು ಏರುದರಗಳನ್ನು ಹೇಳುತ್ತಾನೆ. ಗಂಡಾಂತರ ಹೆಚ್ಚಿದಂತೆ ಬಂಡವಾಳದ ಬೆಲೆ ಹೆಚ್ಚುತ್ತದೆ ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ. ದೇಶೀಯ ಸರಕಿಗೆ ಶೇ. 5, ಪರದೇಶದ ಸರಕಿಗೆ ಶೇ. 10 ಎಂದು ಲಾಭದ ಮಿತಿಯನ್ನೂ ಅವನು ಗೊತ್ತುಪಡಿಸುತ್ತಾನೆ.

ಮನುಸ್ಮೃತಿಯಲ್ಲಿ ಇನ್ನೊಂದು ಮುಖವಿದೆ. ಬ್ರಾಹ್ಮಣನಿಗೆ ತಿಂಗಳಿಗೆ ನೂರಕ್ಕೆ ಎರಡು, ಕ್ಷತ್ರಿಯನಿಗೆ ಮೂರು, ವೈಶ್ಯನಿಗೆ ನಾಲ್ಕು, ಶೂದ್ರನಿಗೆ ಐದು ಎಂದು ವರ್ಣಕ್ಕೆ ತಕ್ಕ ಬಡ್ಡಿಯನ್ನೂ ಅದು ವಿಧಿಸುತ್ತದೆ. ಕೌಟಿಲ್ಯ ಗಂಡಾಂತರವನ್ನು ನೋಡಿ ದರ ಏರಿಸಿದರೆ, ಮನು ಇಲ್ಲಿ ಸಾಲಗಾರನ ಹುಟ್ಟನ್ನು ನೋಡಿ ಏರಿಸುತ್ತಾನೆ. ಹಿಂದೂ ಮೌಲ್ಯಗಳು ವ್ಯಾಪಾರಕ್ಕೆ ನೆರವಾದವೇ, ಅಡ್ಡಿಯಾದವೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಗದಿರುವುದು ಇದಕ್ಕೇ: ಒಂದೇ ಪರಂಪರೆಯೊಳಗೆ ಎರಡೂ ತರ್ಕಗಳು ಜೊತೆಯಾಗಿ ಬಾಳಿವೆ.

ಋಣ ಮತ್ತು ಅವಿಭಕ್ತ ಕುಟುಂಬ

ಧಾರ್ಮಿಕ ನಂಬಿಕೆ ಆರ್ಥಿಕ ವ್ಯವಸ್ಥೆಯಾಗಿ ಮಾರ್ಪಟ್ಟದ್ದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ ಋಣದ ಕಲ್ಪನೆ. ಮನುಷ್ಯ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತೇ ಹುಟ್ಟುತ್ತಾನೆ ಎಂಬ ವೈದಿಕ ಭಾವನೆಯ ಬೆನ್ನಿಗೇ ಹಣದ ಸಾಲವನ್ನೂ ತೀರಿಸದೆ ಸಾಯುವುದು ಪಾಪ ಎಂಬ ನಿಯಮ ಸ್ಮೃತಿಗಳಲ್ಲಿ ಬೆಳೆಯಿತು. ತಂದೆಯನ್ನು ಆ ಪಾಪದಿಂದ ಬಿಡಿಸುವುದು ಮಗನ ಧರ್ಮ. ಜೂಜು, ಕುಡಿತ ಮುಂತಾದ ದುರ್ವ್ಯಸನಗಳಿಗೆ ಮಾಡಿದ ಸಾಲಕ್ಕೆ ಮಾತ್ರ ಮಗ ಹೊಣೆಯಲ್ಲ. ಬ್ರಿಟಿಷರ ನ್ಯಾಯಾಲಯಗಳು ಈ ಧಾರ್ಮಿಕ ಹೊಣೆಯನ್ನು ಜಾರಿಗೊಳಿಸಬಹುದಾದ ಕಾನೂನಾಗಿ ಸ್ವೀಕರಿಸಿದವು. 1874ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ಎತ್ತಿಹಿಡಿಯಿತು. ಹೊಣೆ ಪಿತ್ರಾರ್ಜಿತ ಆಸ್ತಿಯ ಮಟ್ಟಿಗೆ ಸೀಮಿತವಾಗಿತ್ತಾದರೂ, ಸಾಲ ಕೊಡುವವನಿಗೆ ಅದು ದೊಡ್ಡ ಭರವಸೆ. ಸಾಲಗಾರ ಸತ್ತರೂ ಸಾಲ ಸಾಯುವುದಿಲ್ಲವೆಂಬ ಖಾತ್ರಿ ಇದ್ದಲ್ಲಿ ದೀರ್ಘಕಾಲದ ಸಾಲ ಸುಲಭವಾಗುತ್ತದೆ. ಸಾಲಗಾರನಿಗೂ ರಕ್ಷಣೆ ಇತ್ತು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟು ನಿಯಮ ಮನುಸ್ಮೃತಿಯಲ್ಲಿದೆ. ಅದನ್ನು ಮುಂಬಯಿ ಪ್ರಾಂತ್ಯದ ನ್ಯಾಯಾಲಯಗಳು ಅನ್ವಯಿಸುತ್ತಿದ್ದವು.

ಆಸ್ತಿಯ ವಿಚಾರದಲ್ಲಿ ಇಡೀ ದೇಶದ ಮೇಲೆ ಪ್ರಭಾವ ಬೀರಿದ ಗ್ರಂಥ ಕನ್ನಡ ನಾಡಿನದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಬಂಗಾಳ, ಅಸ್ಸಾಂ ಬಿಟ್ಟು ಹೆಚ್ಚಿನ ಭಾರತದಲ್ಲಿ ಹಿಂದೂ ಉತ್ತರಾಧಿಕಾರಕ್ಕೆ ಆಧಾರವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ಮೂಲಸೂತ್ರ. ಇದರಿಂದ ರೂಪುಗೊಂಡ ಅವಿಭಕ್ತ ಕುಟುಂಬಕ್ಕೆ ವ್ಯಾಪಾರಸಂಸ್ಥೆಯ ಹಲವು ಗುಣಗಳಿದ್ದವು. ಬಂಡವಾಳ ಒಂದೆಡೆ ಕೂಡಿರುತ್ತಿತ್ತು, ಯಜಮಾನ ಅಂದರೆ ಕರ್ತ ಎಲ್ಲರ ಪರವಾಗಿ ವ್ಯವಹರಿಸುತ್ತಿದ್ದ, ಒಬ್ಬರ ಸಾವಿನಿಂದ ಅಂಗಡಿ ಮುಚ್ಚುತ್ತಿರಲಿಲ್ಲ, ದೂರದ ಊರಿನ ಶಾಖೆಗೆ ತಮ್ಮನನ್ನೋ ಅಳಿಯನನ್ನೋ ಕಳಿಸಬಹುದಿತ್ತು. 1922ರ ಆದಾಯ ತೆರಿಗೆ ಕಾಯಿದೆ ಹಿಂದೂ ಅವಿಭಕ್ತ ಕುಟುಂಬವನ್ನು ಪ್ರತ್ಯೇಕ ತೆರಿಗೆ ಘಟಕವಾಗಿ ಗುರುತಿಸಿತು.

ಇದಕ್ಕೆ ಬೆಲೆಯೂ ತೆರಬೇಕಾಯಿತು. ಪಾಲು ಕೇಳುವ ಹಕ್ಕು ಪ್ರತಿ ದಾಯಾದಿಗೂ ಇದ್ದುದರಿಂದ ಕೂಡಿದ ಬಂಡವಾಳ ಯಾವಾಗ ಬೇಕಾದರೂ ಒಡೆಯಬಹುದಿತ್ತು. ಕುಟುಂಬದ ಹಣದಿಂದ ಓದಿದವನ ಸಂಪಾದನೆಯೂ ಕುಟುಂಬಕ್ಕೇ ಸೇರಬೇಕೆಂಬ ವಾದ ನಡೆದು, ಕೊನೆಗೆ 1930ರಲ್ಲಿ ವಿದ್ಯಾರ್ಜಿತಕ್ಕಾಗಿಯೇ ಕಾಯಿದೆ ತಂದು ಅದನ್ನು ಸ್ವಯಾರ್ಜಿತವೆಂದು ಸಾರಬೇಕಾಯಿತು. ಹೆಣ್ಣುಮಕ್ಕಳನ್ನು ದಾಯಭಾಗದಿಂದ ಹೊರಗಿಟ್ಟದ್ದಂತೂ ಅರ್ಧದಷ್ಟು ಜನರಿಗೆ ಬಂಡವಾಳದ ಬಾಗಿಲನ್ನೇ ಮುಚ್ಚಿತು. ಅವಿಭಕ್ತ ಕುಟುಂಬವನ್ನು ಭಾರತೀಯ ಉದ್ಯಮದ ತಾಯಿಬೇರೆಂದು ಹೊಗಳುವವರು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವರ್ತಕ ಸಂಘಗಳು

ರಕ್ತಸಂಬಂಧದ ಆಚೆಗೂ ನಂಬಿಕೆಯನ್ನು ಹರಡಿದ್ದು ವರ್ತಕ ಸಂಘಗಳು. ಇವುಗಳಲ್ಲಿ ಪ್ರಸಿದ್ಧವಾದದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡ ಅಯ್ಯಾವೊಳೆ ಐನೂರ್ವರ ಸಂಘ. ಕರ್ನಾಟಕ, ಆಂಧ್ರ, ತಮಿಳುನಾಡು, ಶ್ರೀಲಂಕಾಗಳಲ್ಲಿ ಇವರ ಶಾಸನಗಳಿವೆ. ಸುಮಾತ್ರಾದ ಬಾರೂಸ್ ಬಳಿಯ ಲೋಬು ತುವಾದಲ್ಲಿ ಇವರ 1088ರ ತಮಿಳು ಶಾಸನವೊಂದು ದೊರೆತಿದೆ. ಕನ್ನಡ ಶಾಸನಗಳು ಇವರ ನಡಾವಳಿಯನ್ನು ವೀರಬಣಂಜು ಧರ್ಮವೆಂದು ಕರೆಯುತ್ತವೆ. ನಾನಾದೇಶಿ, ಮುಮ್ಮುರಿದಂಡ, ಸೆಟ್ಟಿ, ಗವರೆ ಎಂಬ ವರ್ಗಗಳೂ ಪಟ್ಟಣಸ್ವಾಮಿ ಎಂಬ ಅಧಿಕಾರಿಯೂ ಈ ಲೋಕಕ್ಕೆ ಸೇರಿದವರು. ತಮ್ಮ ಸರಕಿನ ಮೇಲೆ, ಒಂದೊಂದು ಹೇರಿಗೆ ಇಷ್ಟು ಎಂದು ತಾವೇ ತೆರಿಗೆ ಹಾಕಿಕೊಂಡು ಅದನ್ನು ದೇವಾಲಯಕ್ಕೆ ಬಿಟ್ಟ ದತ್ತಿಗಳು ಶಾಸನಗಳಲ್ಲಿ ಹೇರಳವಾಗಿವೆ.

ಈ ದತ್ತಿಗಳನ್ನು ಭಕ್ತಿ ಎಂದು ಓದಬೇಕೋ ಹೆಸರು ಗಳಿಸುವ ಉಪಾಯವೆಂದು ಓದಬೇಕೋ ಎಂಬ ಆಕ್ಷೇಪ ಸಹಜ. ಸಿರಿವಂತಿಕೆ ಬಂದ ಮೇಲೆ ಗುಡಿಗೆ ಕೊಟ್ಟರೇ ಹೊರತು ಗುಡಿಗೆ ಕೊಟ್ಟದ್ದರಿಂದ ಸಿರಿವಂತಿಕೆ ಬರಲಿಲ್ಲ ಎಂದೂ ವಾದಿಸಬಹುದು. ದಾನಿಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಶಾಸನದಿಂದ ತಿಳಿಯಲಾಗದು. ಅದರ ಪರಿಣಾಮವನ್ನು ಮಾತ್ರ ತಿಳಿಯಬಹುದು. ಬೇರೆ ಬೇರೆ ಊರು, ಭಾಷೆ, ಕುಲಗಳ ವರ್ತಕರು ಒಂದೇ ಕಟ್ಟಳೆಗೆ ಕಟ್ಟುಬಿದ್ದು, ಒಪ್ಪಿದ ಆಯವನ್ನು ಎಲ್ಲರ ಕಣ್ಣೆದುರು ಕಲ್ಲಿನ ಮೇಲೆ ಕೊರೆಸಿದಾಗ ಆ ಒಪ್ಪಂದ ಮುರಿಯುವುದು ದುಬಾರಿಯಾಯಿತು. ಅಪರಿಚಿತನೊಬ್ಬ ಸಂಘದ ಬಿರುದು ಹೇಳಿಕೊಂಡು ಬಂದರೆ ಅವನನ್ನು ನಂಬಲು ಒಂದು ಆಧಾರ ಸಿಕ್ಕಿತು. ಇನ್ನೊಂದು ಸಂಗತಿಯೂ ಗಮನಾರ್ಹ: ಈ ಸಂಘಗಳು ಶೈವ, ವೈಷ್ಣವ, ಜೈನ ಎಂಬ ಭೇದವಿಲ್ಲದೆ ದತ್ತಿ ಕೊಟ್ಟಿವೆ. ಯಾವ ಒಂದು ಮತದ ಸಿದ್ಧಾಂತಕ್ಕೂ ಇವರ ಯಶಸ್ಸನ್ನು ಕಟ್ಟಿಹಾಕಲಾಗದು. ಒಟ್ಟಾಗಿ ಆಚರಿಸಿದ ಕಟ್ಟಳೆಯೇ ಇಲ್ಲಿ ಮುಖ್ಯವಾದದ್ದು.

ದೇವಾಲಯ

ಮಧ್ಯಯುಗದ ದಕ್ಷಿಣ ಭಾರತದಲ್ಲಿ ದೊಡ್ಡ ದೇವಾಲಯವು ಭೂಮಾಲೀಕನೂ ಉದ್ಯೋಗದಾತನೂ ಸಾಲದಾತನೂ ಆಗಿತ್ತು. ಮೊದಲನೆಯ ರಾಜರಾಜ ಚೋಳ ತಂಜಾವೂರಿನಲ್ಲಿ 1010ರ ಹೊತ್ತಿಗೆ ಪೂರ್ಣಗೊಳಿಸಿದ ಬೃಹದೀಶ್ವರ ದೇವಾಲಯದ ಶಾಸನಗಳ ಪ್ರಕಾರ ದತ್ತಿಯ ಹಣವನ್ನು ಗ್ರಾಮಸಭೆಗಳಿಗೆ ಸಾಲವಾಗಿ ಕೊಡಲಾಗುತ್ತಿತ್ತು, ಶೇ. 12.5 ಅಲ್ಲಿ ಸಾಮಾನ್ಯ ಬಡ್ಡಿ ದರ. ವಿಜಯನಗರ ಕಾಲದ ತಿರುಪತಿಯ ಬಗ್ಗೆ ಇತಿಹಾಸಕಾರ ಬರ್ಟನ್ ಸ್ಟೈನ್ 1960ರಲ್ಲಿ ಪ್ರಕಟಿಸಿದ ಅಧ್ಯಯನ, ಭಕ್ತರ ಕಾಣಿಕೆ ದೇವಾಲಯದ ಹಳ್ಳಿಗಳಲ್ಲಿ ಕಾಲುವೆ ಮುಂತಾದ ನೀರಾವರಿ ಕೆಲಸಗಳಿಗೆ ಹೂಡಿಕೆಯಾದ ರೀತಿಯನ್ನು ತೋರಿಸಿತು. ಹೆಚ್ಚಿದ ಫಸಲಿನ ಒಂದು ಪಾಲು ಪ್ರಸಾದವಾಗಿ ದಾನಿಯ ಹೆಸರಿನಲ್ಲಿ ಸಲ್ಲುತ್ತಿತ್ತು. ದೇವರಿಗೆ ಕೊಟ್ಟದ್ದು ದೇವರ ಗಂಟಾಗಿ ಕೂರದೆ ಹೊಲಕ್ಕೆ ನೀರಾಗಿ ಹರಿದದ್ದರಿಂದ ಅಲ್ಲಿ ಉತ್ಪಾದನೆ ಏರಿತು. ಎಲ್ಲ ದೇವಾಲಯಗಳೂ ಹೀಗೆ ನಡೆದುಕೊಂಡವೆಂದು ಹೇಳಲಾಗದು. ಒಡವೆಯಾಗಿ ಭಂಡಾರ ಸೇರಿದ ಚಿನ್ನ ಶತಮಾನಗಳ ಕಾಲ ಯಾವ ಕೆಲಸಕ್ಕೂ ಒದಗದೆ ಉಳಿದದ್ದೂ ಇದೇ ಪರಂಪರೆಯ ಭಾಗ.

ಕಾಯಕ ಮತ್ತು ದಾಸೋಹ

ವಿಜ್ಞಾನೇಶ್ವರ ಬಾಳಿದ ಕಲ್ಯಾಣದಲ್ಲೇ, ಅವನ ನಂತರ ಸುಮಾರು ಅರ್ಧ ಶತಮಾನದಲ್ಲಿ, ಬಸವಣ್ಣನ ಸುತ್ತ ಸೇರಿದ ಶರಣರು ದುಡಿಮೆಯ ಬೇರೊಂದು ಮೌಲ್ಯವನ್ನು ಮುಂದಿಟ್ಟರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಡೋಹರ ಕಕ್ಕಯ್ಯ ಇವರ ಹೆಸರುಗಳೇ ಕಸುಬಿನ ಗುರುತನ್ನು ಹೊತ್ತಿವೆ. ವರ್ಣಧರ್ಮದಲ್ಲಿ ಕೀಳೆನಿಸಿದ ಕಸುಬು ಇಲ್ಲಿ ಪೂಜೆಗೆ ಸಮನಾಯಿತು. ದುಡಿಯದೆ ಉಣ್ಣುವ ಹಕ್ಕು ಗುರು, ಜಂಗಮರಿಗೂ ಇಲ್ಲವೆಂಬ ಮಾತು ಬಂತು. ಈ ತತ್ತ್ವವನ್ನು ಪ್ರಾಟೆಸ್ಟೆಂಟ್ ಶ್ರಮನೀತಿಗೆ ಹೋಲಿಸುವುದು ವಾಡಿಕೆ. ಹೋಲಿಕೆ ಅರ್ಧದವರೆಗೆ ಮಾತ್ರ ಸರಿ. ಮ್ಯಾಕ್ಸ್ ವೇಬರ್ ವಿವರಿಸಿದ ಪ್ಯೂರಿಟನ್ ಮಿತವ್ಯಯದಿಂದ ಉಳಿದ ಹಣ ಮತ್ತೆ ವ್ಯಾಪಾರಕ್ಕೇ ಹೂಡಿಕೆಯಾಗಿ ಬೆಳೆಯುತ್ತದೆ. ಶರಣರ ದಾಸೋಹವಾದರೋ ಉಳಿಕೆಯನ್ನು ಹಂಚಲು ಹೇಳುತ್ತದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ತಿದ್ದಿದಳೆಂದು ಶರಣ ಪರಂಪರೆ ನೆನೆಯುವುದು ಈ ಸಂಗ್ರಹವಿರೋಧವನ್ನೇ. ಹಾಗಾಗಿ ಕಾಯಕತತ್ತ್ವವನ್ನು ಬಂಡವಾಳಶಾಹಿಯ ಮುನ್ಸೂಚನೆ ಎನ್ನುವುದಕ್ಕಿಂತ ದುಡಿಮೆಯ ಘನತೆಯ ಮತ್ತು ಹಂಚಿಕೆಯ ನೀತಿ ಎನ್ನುವುದು ಹೆಚ್ಚು ನಿಖರ. ಅದರ ಸಾಂಸ್ಥಿಕ ಫಲವೂ ಆ ದಿಕ್ಕಿನಲ್ಲೇ ಕಂಡಿತು: ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಹಳ್ಳಿಯ ಮಕ್ಕಳು ಇಪ್ಪತ್ತನೆಯ ಶತಮಾನದಲ್ಲಿ ಕರ್ನಾಟಕದ ಶಿಕ್ಷಿತ ವರ್ಗದ ದೊಡ್ಡ ಭಾಗವಾದರು. ತುಮಕೂರಿನ ಸಿದ್ಧಗಂಗಾ ಮಠ ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ.

ವಸಾಹತು ಕಾಲದ ರೂಪಗಳು

ತಮಿಳುನಾಡಿನ ಚೆಟ್ಟಿನಾಡಿನ ನಗರತ್ತಾರ್ ಅಥವಾ ನಾಟ್ಟುಕೋಟ್ಟೈ ಚೆಟ್ಟಿಯಾರರು ಒಂಬತ್ತು ಕುಲದೇವಾಲಯಗಳ ಮೂಲಕ ಸಂಘಟಿತರಾದ ಶೈವ ಸಮುದಾಯ. ವ್ಯವಹಾರದಿಂದ ಮಗಮೈ ಎಂಬ ಪಾಲನ್ನು ದೇವಾಲಯ ಹಾಗೂ ಸಮುದಾಯದ ನಿಧಿಗೆ ಕೊಡುವುದು ಇವರ ಪದ್ಧತಿ. ಈ ನಂಬಿಕೆಯ ಜಾಲವೇ ಬರ್ಮಾದ ಭತ್ತದ ಸೀಮೆಗೆ ಸಾಲ ಒದಗಿಸಿತು. 1930ರ ದಶಕದ ಮಹಾಕುಸಿತದಲ್ಲಿ ರೈತರು ಸಾಲ ತೀರಿಸಲಾಗದೆ ಹೋದಾಗ, ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ 1930ರಲ್ಲಿ ಸುಮಾರು ಶೇ. 6ರಷ್ಟಿದ್ದ ಚೆಟ್ಟಿಯಾರರ ಭೂಒಡೆತನ ಆ ದಶಕದ ಕೊನೆಯ ಹೊತ್ತಿಗೆ ಶೇ. 25ಕ್ಕೆ ಏರಿತು, ಅದರೊಂದಿಗೆ ಜನರ ದ್ವೇಷವೂ ಏರಿತು. ಸಮುದಾಯದ ಒಳಗಿನ ಧರ್ಮ ಹೊರಗಿನವರ ಮಟ್ಟಿಗೆ ಕಠಿಣ ವ್ಯವಹಾರವಾಗಿ ತೋರಿತು.

ಗುಜರಾತಿನ ವೈಷ್ಣವ ವರ್ತಕರು ವಲ್ಲಭಾಚಾರ್ಯರ ಪುಷ್ಟಿಮಾರ್ಗಕ್ಕೆ ಸರಕಿನ ಮೇಲೆ ಲಾಗಾ ಸಲ್ಲಿಸುತ್ತಿದ್ದರು. 1862ರ ಮುಂಬಯಿಯ ಮಹಾರಾಜ ಮಾನಹಾನಿ ಮೊಕದ್ದಮೆಯಲ್ಲಿ ಪತ್ರಕರ್ತ ಕರ್ಸನ್‌ದಾಸ್ ಮೂಲ್‌ಜಿ ಆ ಪಂಥದ ಗುರುಗಳ ನಡತೆಯನ್ನು ಬಯಲಿಗೆಳೆದು ಗೆದ್ದರು. ದತ್ತಿಗೆ ಲೆಕ್ಕ ಕೇಳುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅದು ಸಾಕ್ಷಿ. ಮಂಡಿಗಳಲ್ಲಿ ಬಿಲ್ಲಿನ ಮೇಲೆ ಧರ್ಮಾದಾಯ ಎಂದು ಸಣ್ಣ ಮೊತ್ತ ಸೇರಿಸುವ ರೂಢಿ ಇನ್ನೂ ವ್ಯಾಪಕವಾಗಿತ್ತು. ದಾನಕ್ಕೆಂದೇ ವಸೂಲಾದ ಈ ಹಣ ವ್ಯಾಪಾರಿಯ ಆದಾಯವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ದಕ್ಷಿಣ ಕನ್ನಡದ ಬ್ಯಾಂಕುಗಳ ಇತಿಹಾಸ ಇಲ್ಲಿ ವಿಶೇಷವಾಗಿ ಉಪಯುಕ್ತ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಆರಂಭಿಸಿದ ಸಂಸ್ಥೆಯ ಹೆಸರು ಕೆನರಾ ಹಿಂದೂ ಪರ್ಮನೆಂಟ್ ಫಂಡ್. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಅದೇ 1906ರಲ್ಲಿ ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದವರು ಹಾಜಿ ಅಬ್ದುಲ್ಲಾ ಸಾಹೇಬರು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯ ಮೂಲಕ ಬೀದಿ ವ್ಯಾಪಾರಿಯ ದಿನದ ಉಳಿತಾಯವನ್ನು ಮನೆಬಾಗಿಲಿಗೇ ಹೋಗಿ ಸಂಗ್ರಹಿಸಿತು. ಒಂದೇ ಜಿಲ್ಲೆ, ಒಂದೇ ಕಾಲ, ಸ್ಥಾಪಕರ ಧರ್ಮ ಬೇರೆ ಬೇರೆ, ಆದರೆ ಸಂಸ್ಥೆಯ ಮಾದರಿ ಒಂದೇ. ಹಿಂದೂ ಮೌಲ್ಯವೇ ಇಲ್ಲಿನ ಬ್ಯಾಂಕಿಂಗ್‌ಗೆ ಕಾರಣ ಎನ್ನುವವರು ಉಡುಪಿಯ ಹಾಜಿಯವರಿಗೆ ಜಾಗ ಕೊಡಲಾರರು. ಮೌಲ್ಯಕ್ಕೆ ಯಾವ ಪಾತ್ರವೂ ಇಲ್ಲವೆನ್ನುವವರು ಸಮುದಾಯದ ನಂಬಿಕೆ ಮೊದಲ ಠೇವಣಿಯನ್ನು ತಂದ ರೀತಿಯನ್ನು ವಿವರಿಸಲಾರರು.

ವೇಬರನ ವಾದ ಮತ್ತು ವಿಮರ್ಶೆ

ಹಿಂದೂ ಮತ್ತು ಬೌದ್ಧ ಧರ್ಮಗಳ ಬಗ್ಗೆ ಮ್ಯಾಕ್ಸ್ ವೇಬರ್ 1916–17ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಯ ಆರಂಭಬಿಂದು. ಭಾರತದಲ್ಲಿ ವ್ಯಾಪಾರಬುದ್ಧಿಯಾಗಲಿ ಸಂಗ್ರಹದ ಆಸೆಯಾಗಲಿ ಇರಲಿಲ್ಲವೆಂದು ಅವನು ಹೇಳಲಿಲ್ಲ. ಸ್ವಂತ ಕಸುಬು ಬಿಟ್ಟರೆ ಮುಂದಿನ ಜನ್ಮ ಕೆಡುತ್ತದೆಂಬ ಭಯ ಹೊಸತನಕ್ಕೆ ಅಡ್ಡಿಯಾಯಿತೆಂಬುದು ಅವನ ಮುಖ್ಯ ಮಾತು. 1960ರ ದಶಕದಲ್ಲಿ ವಿಕಾಸ್ ಮಿಶ್ರಾ, ಕೆ. ವಿಲಿಯಂ ಕಾಪ್ ಮುಂತಾದವರು ಈ ಜಾಡಿನಲ್ಲಿ ಬರೆದರು. ಮೌಲ್ಯಗಳೇ ಅಡ್ಡಿ ಎಂಬುದನ್ನು ತೋರಿಸುವ ಐತಿಹಾಸಿಕ ಪುರಾವೆಯೇ ಇಲ್ಲವೆಂದು ಮಾರಿಸ್ ಡೇವಿಡ್ ಮಾರಿಸ್ 1967ರಲ್ಲಿ ವಾದಿಸಿದರು. ಮದ್ರಾಸಿನ ಕೈಗಾರಿಕೋದ್ಯಮಿಗಳನ್ನು ಅಭ್ಯಸಿಸಿದ ಮಾನವಶಾಸ್ತ್ರಜ್ಞ ಮಿಲ್ಟನ್ ಸಿಂಗರ್, ಅವರು ಮನೆಯ ಆಚಾರವನ್ನೂ ಕಾರ್ಖಾನೆಯ ನಿಯಮವನ್ನೂ ಪ್ರತ್ಯೇಕವಾಗಿಟ್ಟುಕೊಂಡು ಎರಡರಲ್ಲೂ ಶ್ರದ್ಧೆಯಿಂದಿರುವುದನ್ನು ಕಂಡರು.

ಬೆಳವಣಿಗೆಯ ಅಂಕಿಅಂಶಗಳು ವೇಬರನ ವಾದಕ್ಕೆ ಇನ್ನೂ ಗಟ್ಟಿಯಾದ ಉತ್ತರ. 1900ರಿಂದ 1947ರವರೆಗೆ ಭಾರತದ ರಾಷ್ಟ್ರೀಯ ಆದಾಯ ವರ್ಷಕ್ಕೆ ಶೇ. 1ಕ್ಕಿಂತ ಕಡಿಮೆ ಬೆಳೆಯಿತು. 1950ರಿಂದ 1980ರವರೆಗೆ ಸುಮಾರು ಶೇ. 3.5ರಷ್ಟು ಬೆಳೆಯಿತು, ಇದನ್ನೇ ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ 1978ರಲ್ಲಿ ಹಿಂದೂ ಬೆಳವಣಿಗೆ ದರ ಎಂದು ಕರೆದರು. 1980ರ ನಂತರ ದರ ಶೇ. 5 ದಾಟಿತು, 2003ರಿಂದ 2008ರ ಅವಧಿಯಲ್ಲಿ ಶೇ. 8ರ ಆಸುಪಾಸಿಗೆ ಬಂತು. ಈ ನೂರು ವರ್ಷಗಳಲ್ಲಿ ಪುರುಷಾರ್ಥಗಳ ಕಲ್ಪನೆಯಾಗಲಿ ಕರ್ಮಸಿದ್ಧಾಂತವಾಗಲಿ ಬದಲಾಗಲಿಲ್ಲ. ಬದಲಾದದ್ದು ಆಳ್ವಿಕೆ, ಪರವಾನಗಿ ನೀತಿ, ವಿದೇಶಿ ವ್ಯಾಪಾರ, ಶಿಕ್ಷಣ. ಬದಲಾಗದ ಸಂಗತಿಯಿಂದ ಬದಲಾವಣೆಯನ್ನು ವಿವರಿಸಲಾಗದು. ಇದೇ ತರ್ಕ ವೇಗದ ಬೆಳವಣಿಗೆಯ ಶ್ರೇಯಸ್ಸನ್ನು ಸನಾತನ ಮೌಲ್ಯಗಳಿಗೆ ಕೊಡುವವರಿಗೂ ಅನ್ವಯಿಸುತ್ತದೆ.

ಜಾತಿಯ ಎಲ್ಲೆ

ವೇಬರನ ವಾದದಲ್ಲಿ ಉಳಿಯುವ ಸತ್ತ್ವ ಜಾತಿಗೆ ಸಂಬಂಧಿಸಿದ್ದು. ಜಾತಿ ಶ್ರಮವನ್ನು ವಿಭಜಿಸುವುದರ ಜೊತೆಗೆ ಶ್ರಮಿಕರನ್ನೇ ಮೇಲುಕೀಳಾಗಿ ವಿಂಗಡಿಸುತ್ತದೆ ಎಂದು ಬಿ.ಆರ್. ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ತೋರಿಸಿದರು, ಇಷ್ಟವಿಲ್ಲದ ಕಸುಬಿಗೆ ಹುಟ್ಟಿನಿಂದ ಕಟ್ಟುಬಿದ್ದವನ ಬುದ್ಧಿಯೂ ಮನಸ್ಸೂ ಕೆಲಸದಲ್ಲಿ ತೊಡಗುವುದಿಲ್ಲ ಎಂಬ ಅವರ ವಾದ ಆರ್ಥಿಕ ದಕ್ಷತೆಯ ವಾದವೂ ಹೌದು. ಮೇಲೆ ಹೇಳಿದ ಎಲ್ಲ ಸಂಸ್ಥೆಗಳಿಗೂ ಈ ಪ್ರಶ್ನೆ ತಗಲುತ್ತದೆ. ಕುಟುಂಬ, ಕುಲದೇವಾಲಯ, ಸಮುದಾಯದ ನಿಧಿ ಒಳಗಿನವರಿಗೆ ಸಾಲವನ್ನು ಅಗ್ಗ ಮಾಡಿದಷ್ಟೇ ಹೊರಗಿನವರಿಗೆ ದುರ್ಲಭ ಮಾಡಿದವು. ಸಮುದ್ರಯಾನದ ನಿಷೇಧವೂ ಇಂಥದ್ದೇ. ಐನೂರ್ವರು ಸುಮಾತ್ರಾದವರೆಗೆ ಹಡಗಿನಲ್ಲಿ ಹೋದ ಪರಂಪರೆಯಲ್ಲೇ, 1888ರಲ್ಲಿ ಇಂಗ್ಲೆಂಡಿಗೆ ಹೊರಟ ಮೋಹನದಾಸ ಗಾಂಧಿಯವರನ್ನು ಅವರ ಮೋಢ ಬನಿಯಾ ಜಾತಿ ಬಹಿಷ್ಕರಿಸಿತು. ಸಂಪತ್ತಿನ ಒಡೆಯ ಅದರ ಧರ್ಮದರ್ಶಿ ಮಾತ್ರ ಎಂಬ ಟ್ರಸ್ಟಿತತ್ತ್ವವನ್ನು ಗಾಂಧೀಜಿ ಮುಂದೆ ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರದ ಆಧಾರದಲ್ಲಿ ಪ್ರತಿಪಾದಿಸಿದರು. ಅದನ್ನು ಜಾರಿಗೊಳಿಸುವ ಯಾವ ವ್ಯವಸ್ಥೆಯೂ ಇಲ್ಲದ್ದರಿಂದ ಅದು ಉದ್ಯಮಿಗಳ ಇಚ್ಛೆಗೆ ಬಿಟ್ಟ ಆದರ್ಶವಾಗಿ ಉಳಿಯಿತು.

ಇಂದಿನ ಸ್ಥಿತಿ

ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಖಾತೆಪುಸ್ತಕ ತೆರೆಯುವುದು, ಆಯುಧಪೂಜೆಯಂದು ಯಂತ್ರಗಳನ್ನು ಪೂಜಿಸುವುದು ಇಂದಿಗೂ ಅಂಗಡಿ, ಕಾರ್ಖಾನೆಗಳಲ್ಲಿ ನಡೆಯುತ್ತಿದೆ. ದೊಡ್ಡ ದೇವಾಲಯಗಳು ದೊಡ್ಡ ಆರ್ಥಿಕ ಸಂಸ್ಥೆಗಳಾಗಿವೆ; ತಿರುಮಲ ತಿರುಪತಿ ದೇವಸ್ಥಾನಂನ ವಾರ್ಷಿಕ ಬಜೆಟ್ ಐದು ಸಾವಿರ ಕೋಟಿ ರೂಪಾಯಿ ದಾಟಿದೆ. ಕರ್ನಾಟಕದಲ್ಲಿ ಮುಜರಾಯಿ ದೇವಾಲಯಗಳ ಆಡಳಿತ 1997ರ ಧಾರ್ಮಿಕ ದತ್ತಿ ಕಾಯಿದೆಗೆ ಒಳಪಟ್ಟಿದೆ. ಶ್ರೀಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಆರಂಭವಾಗಿ ಸ್ವಸಹಾಯ ಸಂಘಗಳ ಮೂಲಕ ಹಳ್ಳಿಗಳಿಗೆ ಸಾಲ ಮತ್ತು ಉಳಿತಾಯದ ಜಾಲ ಕಟ್ಟಿದೆ. ದಾನವನ್ನು ಉದ್ಯಮಿಯ ಇಚ್ಛೆಗೆ ಬಿಡದೆ, ನಿಗದಿತ ಗಾತ್ರ ಮೀರಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕೆಂದು 2013ರ ಕಂಪನಿ ಕಾಯಿದೆ ವಿಧಿಸಿದ್ದು, 2014ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ.

ಅತಿ ದೊಡ್ಡ ಬದಲಾವಣೆ ಕುಟುಂಬದ ಕಾನೂನಿನಲ್ಲಿ ಆಗಿದೆ. ಕೇರಳ 1975ರ ಕಾಯಿದೆಯಿಂದ ಹಿಂದೂ ಅವಿಭಕ್ತ ಕುಟುಂಬವನ್ನೇ ರದ್ದುಪಡಿಸಿತು. ಉಳಿದೆಡೆ ಅದು ತೆರಿಗೆ ಘಟಕವಾಗಿ ಮುಂದುವರಿದಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಅಲ್ಲಿಂದೀಚೆಗೆ ಮಾಡಿದ ಸಾಲಗಳ ಮಟ್ಟಿಗೆ, ಧರ್ಮದ ಹೆಸರಿನಲ್ಲಿ ಮಗ, ಮೊಮ್ಮಗ, ಮರಿಮಗನ ಮೇಲಿದ್ದ ಹೊಣೆಯನ್ನೂ ಅದೇ ತಿದ್ದುಪಡಿ ತೆಗೆದುಹಾಕಿತು. ಹಿರಿಯ ಮಗಳು ಕುಟುಂಬದ ಕರ್ತೆಯಾಗಬಹುದೆಂದು 2015ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2005ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಇತ್ಯರ್ಥಪಡಿಸಿತು. ಹುಟ್ಟಿನಿಂದ ಬರುವ ಹಕ್ಕೆಂಬ ವಿಜ್ಞಾನೇಶ್ವರನ ಸೂತ್ರ ಈಗ ಹೆಣ್ಣುಮಕ್ಕಳಿಗೂ ಸಲ್ಲುತ್ತಿದೆ.